ಸ್ಟಾಪ್ ಬಾತ್ ಬೇಕೇ, ನೀರು ಸಾಕೇ? ಅದನ್ನು ತೀರ್ಮಾನಿಸುವುದು ನಿಮ್ಮ ಫಿಕ್ಸರ್

ಪ್ರಶ್ನೆ: ನಾನು ಕಲಬುರಗಿಯವನು. ಒಂದು ವರ್ಷದಿಂದ ಮನೆಯ ಬಚ್ಚಲಿನಲ್ಲೇ ಕಪ್ಪು-ಬಿಳುಪು ಫಿಲಂ ತೊಳೆಯುತ್ತಿದ್ದೇನೆ. ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಡಿ-76, ಸಮಪಾಲು ನೀರು ಬೆರೆಸಿ ಬಳಸುತ್ತೇನೆ. ಫಿಲಂ ಕೆಂಟ್‌ಮಿಯರ್ 400, ಈಚೆಗೆ ಟಿ-ಮ್ಯಾಕ್ಸ್ 400. ಮೊದಲು ಸ್ಟಾಪ್ ಬಾತ್‌ಗೆ (ಡೆವಲಪಿಂಗ್ ನಿಲ್ಲಿಸುವ ದ್ರಾವಣ) ಅಡುಗೆಯ ವಿನೆಗರ್ ಹಾಕುತ್ತಿದ್ದೆ. ನೆಗೆಟಿವ್‌ನಲ್ಲಿ ಅಲ್ಲಲ್ಲಿ ಸಣ್ಣ ಪಾರದರ್ಶಕ ಚುಕ್ಕೆಗಳು ಕಂಡವು. ‘ಅದು ಆಮ್ಲ ಮಾಡಿದ ಸೂಜಿರಂಧ್ರ, ನೀರೇ ಸಾಕು’ ಎಂದು ಗೆಳೆಯರೊಬ್ಬರು ಹೇಳಿದ್ದರಿಂದ ನೀರಿಗೆ ಬದಲಾಯಿಸಿದೆ. ಫಿಕ್ಸರ್‌ಗೆ (ಚಿತ್ರ ಮೂಡಿದ ಮೇಲೆ ಉಳಿದ ಬೆಳ್ಳಿಯ ಲವಣ ಕರಗಿಸುವ ದ್ರಾವಣ) ಕೆಮಿಕಲ್ ಅಂಗಡಿಯ ಹೈಪೊ ಹರಳು, ಲೀಟರಿಗೆ 250 ಗ್ರಾಂ. ಆ್ಯಸಿಡ್ ಫಿಕ್ಸರ್ ಒಳ್ಳೆಯದೆಂದು ಓದಿ ಅದಕ್ಕೆ ಒಂದಿಷ್ಟು ವಿನೆಗರ್ ಸುರಿದೆ. ಮರುದಿನ ದ್ರಾವಣ ಹಾಲಿನಂತಾಗಿ ತಳದಲ್ಲಿ ಹಳದಿ ಪುಡಿ ಕೂತಿತ್ತು. ಸೋಸಿಕೊಂಡು ಬಳಸುತ್ತಿದ್ದೇನೆ, ಪ್ರತಿ ರೋಲಿಗೆ 5 ನಿಮಿಷ. ಈಗ ಟಿ-ಮ್ಯಾಕ್ಸ್ ರೋಲ್‌ಗಳು ಗುಲಾಬಿ ಬಣ್ಣಕ್ಕೆ ಬರುತ್ತಿವೆ. ಒಂದರಲ್ಲಿ ಅಂಚಿನ ಉದ್ದಕ್ಕೂ ಬಿಳಿ ಪೊರೆ ಉಳಿದಿದೆ. ಬೇಸಿಗೆಯಲ್ಲಿ ನಲ್ಲಿ ನೀರೇ 32 ಡಿಗ್ರಿ ಇರುತ್ತದೆ. ಯಾವ ಸ್ಟಾಪ್ ಬಾತ್, ಯಾವ ಫಿಕ್ಸರ್ ಬಳಸಲಿ? ಈ ರೋಲ್‌ಗಳು ಹಾಳಾದವೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ರೋಲ್‌ಗಳು ಹಾಳಾಗಿಲ್ಲ. ಬಿಳಿ ಪೊರೆ ಎಂದರೆ ಫಿಕ್ಸರ್ ಕರಗಿಸದೆ ಬಿಟ್ಟ ಸಿಲ್ವರ್ ಹ್ಯಾಲೈಡ್, ಅಂದರೆ ಬೆಳಕು ಗ್ರಹಿಸುವ ಬೆಳ್ಳಿಯ ಲವಣ. ಹೊಸ ಫಿಕ್ಸರ್‌ನಲ್ಲಿ ಇನ್ನೊಮ್ಮೆ ಹಾಕಿದರೆ ಅದು ಹೋಗುತ್ತದೆ. ಆದರೆ ಬೆಳಕಿಗೆ ಒಡ್ಡಿದಷ್ಟೂ ಆ ಪೊರೆ ಕಪ್ಪಿಡುತ್ತದೆ, ಕಪ್ಪಿಟ್ಟ ಮೇಲೆ ಫಿಕ್ಸರ್‌ಗೆ ಬಗ್ಗುವುದಿಲ್ಲ. ಆದ್ದರಿಂದ ಆ ನೆಗೆಟಿವ್‌ಗಳನ್ನು ಈಗಲೇ ಬೆಳಕು ಹೋಗದ ಲಕೋಟೆಗೆ ಸೇರಿಸಿಡಿ. ಸರಿಪಡಿಸುವ ಕ್ರಮ ಮುಂದೆ ಬರುತ್ತದೆ.

ನಿಮ್ಮ ಪತ್ರದಲ್ಲಿ ಸ್ಟಾಪ್ ಬಾತ್ ಒಂದು ಚಿಂತೆ, ಫಿಕ್ಸರ್ ಇನ್ನೊಂದು ಚಿಂತೆ ಎಂಬಂತಿದೆ. ಅವೆರಡನ್ನೂ ಬೇರೆ ಬೇರೆಯಾಗಿ ಆರಿಸಲು ಹೋದದ್ದೇ ನಿಮ್ಮ ಕಷ್ಟದ ಮೂಲ. ಯಾವ ಫಿಕ್ಸರ್ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಮುಂಚೆ ವಿನೆಗರ್ ಇರಬೇಕೋ, ಸಿಟ್ರಿಕ್ ಆ್ಯಸಿಡ್ ಇರಬೇಕೋ, ಬರೀ ನೀರು ಇರಬೇಕೋ ಎಂಬುದು ಆಗ ತಾನಾಗಿ ತೀರ್ಮಾನವಾಗುತ್ತದೆ. ಕೆಲವು ಜೋಡಿಗಳು ಹೊಂದುವುದೇ ಇಲ್ಲ.

ಸೂಜಿರಂಧ್ರದ ಮಾತಿನಲ್ಲಿ ಒಂದು ಎಳೆ ನಿಜವಿದೆ. ಡೆವಲಪರ್‌ನಲ್ಲಿ ಕಾರ್ಬೋನೇಟ್ ಇದ್ದು, ಅದನ್ನು ಹೀರಿಕೊಂಡ ಫಿಲಂ ಗಡುಸಾದ ಆಮ್ಲಕ್ಕೆ ಬಿದ್ದರೆ ಜಿಲೆಟಿನ್ ಪದರದೊಳಗೆ ಇಂಗಾಲದ ಡೈಆಕ್ಸೈಡ್ ಗುಳ್ಳೆ ಹುಟ್ಟುತ್ತದೆ. ಮೆತ್ತನೆಯ ಎಮಲ್ಷನ್ (ಬೆಳ್ಳಿಯ ಲವಣವಿರುವ ಆ ಜಿಲೆಟಿನ್ ಪದರ) ಆಗಿದ್ದರೆ ಗುಳ್ಳೆ ಅದನ್ನು ಸೀಳಿಕೊಂಡು ಹೊರಬರಬಹುದು. ಆದರೆ ಡಿ-76ರಲ್ಲಿ ಕಾರ್ಬೋನೇಟ್ ಇಲ್ಲ. ಅದರ ಕ್ಷಾರ ಬೊರಾಕ್ಸ್, ಬೊರಾಕ್ಸ್‌ಗೆ ಆಮ್ಲ ತಗುಲಿದರೆ ಅನಿಲ ಹುಟ್ಟುವುದಿಲ್ಲ. ಹಾಗಾಗಿ ನಿಮ್ಮ ಚುಕ್ಕೆಗಳಿಗೆ ವಿನೆಗರ್ ಕಾರಣವಲ್ಲ. ವಾಷಿಂಗ್ ಸೋಡಾ ಹಾಕಿ ಮಾಡುವ ಕಾಫಿ ಡೆವಲಪರ್, ಡಿ-19, ಪೊಟ್ಯಾಸಿಯಂ ಕಾರ್ಬೋನೇಟ್ ಇರುವ ಪೈರೋಕ್ಯಾಟ್‌ನಂಥ ಡೆವಲಪರ್ ಬಳಸುವವರು ಮಾತ್ರ ಈ ಬಗ್ಗೆ ಯೋಚಿಸಬೇಕು. ಅವರಿಗೂ ಅರ್ಧ ಶಕ್ತಿಯ ಸ್ಟಾಪ್ ಬಾತ್, ಅಥವಾ ನಡುವೆ ಒಮ್ಮೆ ನೀರು ಹಾಕಿ ತೆಗೆಯುವುದು ಸಾಕಾಗುತ್ತದೆ. ಕೆಂಟ್‌ಮಿಯರ್, ಟಿ-ಮ್ಯಾಕ್ಸ್‌ನಂಥ ಇಂದಿನ ಫಿಲಂಗಳ ಜಿಲೆಟಿನ್ ಕಾರ್ಖಾನೆಯಲ್ಲೇ ಗಟ್ಟಿಯಾಗಿ ಬಂದಿರುತ್ತದೆ.

ಹಾಗಾದರೆ ಚುಕ್ಕೆ ಎಲ್ಲಿಂದ ಬಂತು? ಹತ್ತು ಪಟ್ಟಿನ ಮಸೂರದಲ್ಲಿ ನೋಡಿ. ಅಂಕುಡೊಂಕು ಆಕಾರ, ಎಳೆಯಂಥ ತುಂಡು ಕಂಡರೆ ಅದು ಫೋಟೊ ತೆಗೆಯುವಾಗಲೇ ಫಿಲಂ ಮೇಲಿದ್ದ ಧೂಳು. ಉರುಟಾಗಿದ್ದು, ಪೂರ್ತಿ ಪಾರದರ್ಶಕವಲ್ಲದೆ ಸುತ್ತಲಿಗಿಂತ ತೆಳುವಾಗಿ ಮಾತ್ರ ಕಂಡರೆ ಡೆವಲಪರ್ ಸುರಿದಾಗ ಅಂಟಿಕೊಂಡ ಗಾಳಿಗುಳ್ಳೆ. ಫಿಲಂ ತೊಳೆಯುವ ಟ್ಯಾಂಕನ್ನು ಎರಡು ಮೂರು ಸಲ ಮೇಜಿಗೆ ಕುಟ್ಟದೆ ಬಿಟ್ಟಾಗ ಹೀಗಾಗುತ್ತದೆ. ನಿಜವಾದ ಸೂಜಿರಂಧ್ರದ ಅಂಚು ಚೂಪು. ನೆಗೆಟಿವ್‌ನ ಮಂಕು ಬದಿಯನ್ನು ಓರೆ ಬೆಳಕಿಗೆ ಹಿಡಿದರೆ ಅಲ್ಲಿ ಎಮಲ್ಷನ್ ಕಿತ್ತುಬಂದ ಕುಳಿ ಕಾಣುತ್ತದೆ. ನಿಮ್ಮ ಊರಿನ ಒಣ ಹವೆಯಲ್ಲಿ, ಬೇಸಿಗೆಯ ಗಾಳಿಯಲ್ಲಿ, ಕ್ಯಾಮೆರಾದ ಒಳಗಿನ ಧೂಳನ್ನೇ ನಾನು ಮೊದಲು ಅನುಮಾನಿಸುತ್ತೇನೆ. ಗಾಳಿ ಊದುವ ರಬ್ಬರ್ ಬಲ್ಬಿನಿಂದ ಪ್ರತಿ ರೋಲ್ ಹಾಕುವ ಮುನ್ನ ಒಳಗನ್ನು ಸ್ವಚ್ಛ ಮಾಡಿಕೊಳ್ಳಿ.

ಸ್ಟಾಪ್ ಬಾತ್ ಮಾಡುವ ಕೆಲಸ ಎರಡು. ಫಿಲಂ ಒಳಗೆ ಉಳಿದ ಡೆವಲಪರ್‌ನ ಕ್ಷಾರವನ್ನು ಆಮ್ಲದಿಂದ ಕೊಂದು ಡೆವಲಪಿಂಗ್ ಅನ್ನು ಒಂದೇ ಏಟಿಗೆ ನಿಲ್ಲಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ಫಿಕ್ಸರ್ ಅನ್ನು ಕಾಯುವುದು. ಪ್ರತಿ ರೋಲೂ ತನ್ನೊಂದಿಗೆ, ಟ್ಯಾಂಕಿನೊಳಗೆ ಅದನ್ನು ಸುತ್ತಿಡುವ ಸುರುಳಿಯೊಂದಿಗೆ, ಸ್ವಲ್ಪ ಡೆವಲಪರ್ ಹೊತ್ತೊಯ್ಯುತ್ತದೆ. ಅದು ಆ್ಯಸಿಡ್ ಫಿಕ್ಸರ್‌ಗೆ ಸೇರುತ್ತಾ ಹೋದರೆ ಫಿಕ್ಸರ್‌ನ ಆಮ್ಲೀಯತೆ ರೋಲಿನಿಂದ ರೋಲಿಗೆ ಇಳಿಯುತ್ತದೆ. ಆಗ ಫಿಕ್ಸರ್ ಒಳಗೇ ಡೆವಲಪರ್ ಮೆಲ್ಲಗೆ ಕೆಲಸ ಮಾಡಿ, ಕರಗಿದ ಬೆಳ್ಳಿಯನ್ನು ಫಿಲಂ ಮೇಲೆ ತೆಳು ಪೊರೆಯಾಗಿ ಕೂರಿಸಬಲ್ಲದು. ಇದಕ್ಕೆ ಡೈಕ್ರೋಯಿಕ್ ಫಾಗ್ ಎನ್ನುತ್ತಾರೆ. ನೆಗೆಟಿವ್‌ನ ಮೂಲಕ ಬೆಳಕು ನೋಡಿದರೆ ಕೆಂಪು-ಗುಲಾಬಿ, ಮೇಲಿನಿಂದ ನೋಡಿದರೆ ಹಸಿರು-ಹಳದಿ ಹೊಳಪು. ನಿಮ್ಮ ಟಿ-ಮ್ಯಾಕ್ಸ್‌ನ ಗುಲಾಬಿ ಇದಲ್ಲ ಎಂದುಕೊಳ್ಳುತ್ತೇನೆ, ಆದರೂ ಒಮ್ಮೆ ಓರೆ ಬೆಳಕಿನಲ್ಲಿ ಹೊಳಪು ಇದೆಯೇ ನೋಡಿಬಿಡಿ.

‘ನೀರೇ ಸಾಕು’ ಎನ್ನುವವರು ಪೂರ್ತಿ ತಪ್ಪಲ್ಲ. ಡೆವಲಪಿಂಗ್ ಸಮಯ ಹತ್ತು ನಿಮಿಷವಿದ್ದರೆ, ನೀರು ತುಂಬಿಸಿ ಜೋರಾಗಿ ತಿರುಗಿಸಿ ಚೆಲ್ಲುವುದನ್ನು ಮೂರು ಸಲ ಮಾಡಿದರೆ, ಚಿತ್ರದಲ್ಲಿ ವ್ಯತ್ಯಾಸ ಕಾಣದು. ಆದರೆ ನೀರು ಡೆವಲಪಿಂಗ್ ಅನ್ನು ನಿಲ್ಲಿಸುವುದಿಲ್ಲ, ತೆಳುವಾಗಿಸಿ ನಿಧಾನಗೊಳಿಸುತ್ತದೆ ಅಷ್ಟೆ. ಸೆಕೆಯಲ್ಲಿ ಡೆವಲಪಿಂಗ್ ಸಮಯ ನಾಲ್ಕೈದು ನಿಮಿಷಕ್ಕೆ ಇಳಿದಾಗ ಆ ಅರ್ಧ ನಿಮಿಷದ ಎಳೆದಾಟ ಒಟ್ಟು ಸಮಯದ ಹತ್ತನೇ ಒಂದು ಪಾಲಾಗಿಬಿಡುತ್ತದೆ. ಅದೂ ಎಲ್ಲೆಡೆ ಸಮನಾಗಿರುವುದಿಲ್ಲ. ಆಕಾಶದಂಥ ಸಪಾಟು ಜಾಗದಲ್ಲಿ ಪಟ್ಟೆ ಮೂಡುವ ಸಾಧ್ಯತೆ ಹೆಚ್ಚು. ಕಲಬುರಗಿಯ ಏಪ್ರಿಲ್‌ನಲ್ಲಿ ಫಿಲಂ ತೊಳೆಯುವವರಿಗೆ ಆಮ್ಲದ ಸ್ಟಾಪ್ ಬಾತ್ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ.

ಅಗ್ಗದ್ದು ಎಂಬ ಕಾರಣಕ್ಕೆ ವಿನೆಗರ್ ಕೀಳಲ್ಲ. ಸ್ಟಾಪ್ ಬಾತ್‌ಗೆ ಬೇಕಾದದ್ದು ಶೇ 1ರಿಂದ 1.5ರಷ್ಟು ಅಸಿಟಿಕ್ ಆಮ್ಲ. ಬಾಟಲಿಯ ಮೇಲೆ ಶೇ 4 ಎಂದು ಬರೆದಿರುವ ಬಿಳಿ ಸಿಂಥೆಟಿಕ್ ವಿನೆಗರ್‌ನ ಒಂದು ಪಾಲಿಗೆ ಎರಡರಿಂದ ಮೂರು ಪಾಲು ನೀರು ಬೆರೆಸಿದರೆ ಆಯಿತು. 300 ಮಿ.ಲೀ. ಟ್ಯಾಂಕಿಗೆ 100 ಮಿ.ಲೀ. ವಿನೆಗರ್, 200 ಮಿ.ಲೀ. ನೀರು. ಸೇಬಿನ ವಿನೆಗರ್, ಕಂದು ಬಣ್ಣದ್ದು, ಮಸಾಲೆ ಸೇರಿಸಿದ್ದು ಬೇಡ. ಕೆಮಿಕಲ್ ಅಂಗಡಿಯವರು ಗ್ಲೇಷಿಯಲ್ ಅಸಿಟಿಕ್ ಆ್ಯಸಿಡ್ ಕೊಡಲು ಬಂದರೆ ಬೇಡವೆನ್ನಿ. ಅದು ನೂರಕ್ಕೆ ನೂರರ ಹತ್ತಿರದ ಆಮ್ಲ, ಚರ್ಮ ಸುಡುತ್ತದೆ, ಅದರ ಆವಿ ಬಚ್ಚಲಿನಂಥ ಸಣ್ಣ ಕೋಣೆಯಲ್ಲಿ ಕಣ್ಣಿಗೆ ಶ್ವಾಸಕ್ಕೆ ಅಪಾಯ. ಬಳಸಲೇಬೇಕಾಗಿ ಬಂದರೆ ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರನ್ನಲ್ಲ.

ವಾಸನೆ ಆಗದವರಿಗೆ ಸಿಟ್ರಿಕ್ ಆ್ಯಸಿಡ್ ಇದೆ. ದಿನಸಿ ಅಂಗಡಿಯ ಬಿಳಿ ಹರಳೇ ಸಾಕು, ಲೀಟರಿಗೆ 15 ಗ್ರಾಂ. ಇಲ್‌ಫೋರ್ಡ್‌ನ ಇಲ್ಫೋಸ್ಟಾಪ್ ಕೂಡ ಸಿಟ್ರಿಕ್ ಆ್ಯಸಿಡ್‌ನದೇ, ಒಂದು ಪಾಲಿಗೆ 19 ಪಾಲು ನೀರು. ಕೊಡಾಕ್‌ನ ಇಂಡಿಕೇಟರ್ ಸ್ಟಾಪ್ ಬಾತ್ ಅಸಿಟಿಕ್ ಆಮ್ಲದ್ದು, ಲೀಟರಿಗೆ 16 ಮಿ.ಲೀ. ಇಂಥ ಸಿದ್ಧ ಸ್ಟಾಪ್ ಬಾತ್‌ಗಳ ಅನುಕೂಲ ಅವುಗಳಲ್ಲಿರುವ ಬಣ್ಣ. ಆಮ್ಲ ಜೀವಂತವಿರುವವರೆಗೆ ಹಳದಿ, ಸತ್ತಾಗ ನೇರಳೆ. ಮನೆಯಲ್ಲಿ ಮಾಡಿದ್ದಕ್ಕೆ ಆ ಸೂಚನೆ ಇರದು. ಆದ್ದರಿಂದ ಒಂದೆರಡು ರೋಲ್ ಆದ ಮೇಲೆ ಚೆಲ್ಲಿ ಹೊಸದು ಮಾಡಿಕೊಳ್ಳಿ, ಖರ್ಚು ನಗಣ್ಯ. ಸಿಟ್ರಿಕ್ ಆ್ಯಸಿಡ್ ದ್ರಾವಣವನ್ನಂತೂ ಇಟ್ಟುಕೊಳ್ಳಲೇಬೇಡಿ, ಬೂಷ್ಟು ಹಿಡಿಯುತ್ತದೆ. ಯಾವುದೇ ಇರಲಿ, ಟ್ಯಾಂಕಿನಲ್ಲಿ ಬಿಡದೆ ತಿರುಗಿಸುತ್ತಾ 30 ಸೆಕೆಂಡು ಸಾಕು. ಇನ್ನೂ ಹೆಚ್ಚು ಹೊತ್ತು ಬಿಟ್ಟರೆ ಲಾಭವಿಲ್ಲ.

ಇನ್ನು ಫಿಕ್ಸರ್. ಹೈಪೊ ಎಂದರೆ ಸೋಡಿಯಂ ಥಯೋಸಲ್ಫೇಟ್. ಬೆಳ್ಳಿಯ ಲವಣಗಳನ್ನು ಅದು ಕರಗಿಸುತ್ತದೆಂದು ಜಾನ್ ಹರ್ಷಲ್ 1819ರಲ್ಲೇ ಕಂಡುಕೊಂಡಿದ್ದರು. 1839ರಲ್ಲಿ ಛಾಯಾಗ್ರಹಣಕ್ಕೆ ಅದು ಬಂತು, ಇಂದಿಗೂ ಬಳಕೆಯಲ್ಲಿದೆ. ಆದರೆ ಥಯೋಸಲ್ಫೇಟ್‌ಗೆ ಆಮ್ಲ ಆಗದು. ನೇರವಾಗಿ ಆಮ್ಲ ಸುರಿದರೆ ಅದು ಒಡೆದು ಗಂಧಕ ಮತ್ತು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ನಿಮ್ಮ ಬಾಟಲಿಯ ತಳದಲ್ಲಿದ್ದ ಹಳದಿ ಪುಡಿ ಆ ಗಂಧಕವೇ. ಸೋಸಿದರೆ ಪುಡಿ ಹೋಯಿತು, ಆದರೆ ಗಂಧಕವಾಗಿ ಹೋದ ಹೈಪೊ ಮರಳಿ ಬರಲಿಲ್ಲ. ಅಂದರೆ ಅರೆಬರೆ ಸತ್ತ ದ್ರಾವಣದಲ್ಲಿ 5 ನಿಮಿಷ ಮಾತ್ರ ಫಿಕ್ಸ್ ಮಾಡುತ್ತಿದ್ದಿರಿ. ಸಾದಾ ಹೈಪೊ ಹೊಸದಿದ್ದಾಗಲೂ 8ರಿಂದ 10 ನಿಮಿಷ ಬೇಡುತ್ತದೆ. ಸಾಲದೆಂಬಂತೆ ಟಿ-ಮ್ಯಾಕ್ಸ್, ಡೆಲ್ಟಾ ಬಗೆಯ ಚಪ್ಪಟೆ ಕಣದ ಫಿಲಂಗಳಲ್ಲಿ ಅಯೊಡೈಡ್ ಹೆಚ್ಚು. ಸಿಲ್ವರ್ ಅಯೊಡೈಡ್ ಕರಗಲು ಬಹಳ ಸತಾಯಿಸುತ್ತದೆ, ಬಿಡುಗಡೆಯಾದ ಅಯೊಡೈಡ್ ಫಿಕ್ಸರ್‌ನಲ್ಲೇ ಉಳಿದು ಮುಂದಿನ ರೋಲನ್ನೂ ತಡೆಯುತ್ತದೆ. ಕೆಂಟ್‌ಮಿಯರ್ ಹೇಗೋ ದಾಟಿಕೊಂಡಿತು, ಟಿ-ಮ್ಯಾಕ್ಸ್ ದಾಟಲಿಲ್ಲ.

ಆಮ್ಲ ಇದ್ದೂ ಆ್ಯಸಿಡ್ ಫಿಕ್ಸರ್ ಕೆಡದಿರುವುದು ಸಲ್ಫೈಟ್‌ನಿಂದ. ಗಂಧಕ ಕೆಳಗಿಳಿಯದಂತೆ ಅದು ತಡೆಯುತ್ತದೆ. ನಿಮ್ಮಲ್ಲಿರುವ ಹೈಪೊವನ್ನೇ ಬಳಸಿ ಮಾಡಬಹುದಾದ ಒಳ್ಳೆಯ ಆ್ಯಸಿಡ್ ಫಿಕ್ಸರ್ ಕೊಡಾಕ್‌ನ ಹಳೆಯ ಎಫ್-24 ಸೂತ್ರ. ಸುಮಾರು 50 ಡಿಗ್ರಿ ಬಿಸಿಯ ಅರ್ಧ ಲೀಟರ್ ನೀರಿನಲ್ಲಿ 240 ಗ್ರಾಂ ಹೈಪೊ ಹರಳು, ಅದು ಪೂರ್ತಿ ಕರಗಿದ ಮೇಲೆ 10 ಗ್ರಾಂ ಸೋಡಿಯಂ ಸಲ್ಫೈಟ್, ಕೊನೆಗೆ 25 ಗ್ರಾಂ ಸೋಡಿಯಂ ಬೈಸಲ್ಫೈಟ್, ಆಮೇಲೆ ತಣ್ಣೀರು ಸೇರಿಸಿ ಒಂದು ಲೀಟರ್. ಹೈಪೊ ಕರಗುವಾಗ ನೀರಿನ ಶಾಖವನ್ನು ಎಳೆದುಕೊಳ್ಳುವುದರಿಂದ ಬಿಸಿನೀರಿನಿಂದಲೇ ಶುರುಮಾಡಬೇಕು. ಬೈಸಲ್ಫೈಟ್ ಸಿಗದಿದ್ದರೆ ಸೋಡಿಯಂ ಮೆಟಾಬೈಸಲ್ಫೈಟ್ 23 ಗ್ರಾಂ, ಅಥವಾ ಸ್ಕ್ವಾಷ್ ಕೆಡದಂತೆ ಹಾಕುವ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) 27 ಗ್ರಾಂ. ಇವು ಮೂರೂ ಮೂಗಿಗೆ ಖಾರವಾಗಿ ಹೊಡೆಯುತ್ತವೆ. ಅಸ್ತಮಾ ಇರುವವರು ಮನೆಯಲ್ಲಿದ್ದರೆ ಬಯಲಿನಲ್ಲಿ ಬೆರೆಸಿ. ಹೈಪೊ ಹರಳಾಗಿರದೆ ಒಣ ಪುಡಿಯಾಗಿದ್ದರೆ ಅದರಲ್ಲಿ ನೀರಿನಂಶವಿಲ್ಲ ಎಂದರ್ಥ, ಆಗ 240ರ ಬದಲು 153 ಗ್ರಾಂ ಸಾಕು. ಲೀಟರಿಗೆ ಅರ್ಧ ಕೆಜಿ ಹಾಕಿದರೆ ಬೇಗ ಮುಗಿಯುತ್ತದೆಂದು ನಂಬಿದವರಿದ್ದಾರೆ, ಹಾಗಾಗುವುದಿಲ್ಲ. ಒಂದು ಮಿತಿ ದಾಟಿದ ಮೇಲೆ ಫಿಕ್ಸಿಂಗ್ ನಿಧಾನವಾಗುತ್ತಾ ಹೋಗುತ್ತದೆ.

ಅಂಗಡಿಯಲ್ಲಿ ಒಂದು ಎಚ್ಚರ: ಸಲ್ಫೈಟ್, ಸಲ್ಫೇಟ್, ಸಲ್ಫೈಡ್ ಮೂರೂ ಬೇರೆ ಬೇರೆ. ಸಲ್ಫೇಟ್ ಕೊಟ್ಟುಬಿಟ್ಟರೆ ಫಿಕ್ಸರ್ ಮತ್ತೆ ಹಾಲಾಗಬಹುದು. ಸಲ್ಫೈಡ್ ಕೊಟ್ಟುಬಿಟ್ಟರೆ, ಅದು ಆಮ್ಲ ಸೋಕಿದೊಡನೆ ವಿಷಾನಿಲ ಬಿಡುತ್ತದೆ. ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಡಬ್ಬಿಯ ಮೇಲೆ ನೀವೇ ಓದಿ ಹೋಲಿಸಿ.

ಟಿ-ಮ್ಯಾಕ್ಸ್ ಬಿಡಲು ಮನಸ್ಸಿಲ್ಲದಿದ್ದರೆ ನಾನು ಹೇಳುವುದು ರ‍್ಯಾಪಿಡ್ ಫಿಕ್ಸರ್. ಇದು ಅಮೋನಿಯಂ ಥಯೋಸಲ್ಫೇಟ್, ಸೋಡಿಯಂ ಹೈಪೊಗಿಂತ ಬಹಳ ವೇಗ, ಅಯೊಡೈಡ್ ಎದುರು ಬೇಗ ಸೋಲುವುದಿಲ್ಲ. ಇಲ್‌ಫೋರ್ಡ್ ರ‍್ಯಾಪಿಡ್ ಫಿಕ್ಸರ್ ಅಥವಾ ಹೈಪಾಮ್ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಬಳಸುವಂಥದ್ದು, ಸಾಮಾನ್ಯ ಫಿಲಂಗೆ 2ರಿಂದ 5 ನಿಮಿಷ. ಬೆರೆಸಿದ ಒಂದು ಲೀಟರ್ 24 ರೋಲ್‌ವರೆಗೆ ಬರುತ್ತದೆಂದು ತಯಾರಕರೇ ಹೇಳುತ್ತಾರೆ. ಅಂದರೆ ಒಂದು ಲೀಟರ್ ಬಾಟಲಿಯಿಂದ ಐದು ಲೀಟರ್, ಲೆಕ್ಕಕ್ಕೆ 120 ರೋಲ್. ಟಿ-ಮ್ಯಾಕ್ಸ್ ಹೆಚ್ಚಿದ್ದರೆ ಅದರ ಅರ್ಧಕ್ಕೆ ನಿಲ್ಲಿಸುವುದು ಕ್ಷೇಮ. ಹಾಗೆ ನಿಲ್ಲಿಸಿದರೂ ತಲಾ ರೋಲಿನ ಖರ್ಚು ಫಿಲಂ ಬೆಲೆಯ ಮುಂದೆ ತೀರಾ ಸಣ್ಣದು. ಬಾಟಲಿಯ ಬೆಲೆ ಒಮ್ಮೆಗೆ ಕಣ್ಣಿಗೆ ಹೊಡೆಯುತ್ತದೆ ಎಂಬುದನ್ನು ಒಪ್ಪುತ್ತೇನೆ. ಎಫ್-24 ಹೈಪೊ ಆದರೆ ಒಂದು ಲೀಟರಿಗೆ 10 ರೋಲ್ ಎಂದಿಟ್ಟುಕೊಳ್ಳಿ, ಕೆಂಟ್‌ಮಿಯರ್‌ಗೆ ಸಾಕಾಗುತ್ತದೆ.

ಎಕ್ಸ್‌ರೇ ಅಂಗಡಿಯ ಫಿಕ್ಸರ್ ಬಗ್ಗೆಯೂ ಹಲವರು ಕೇಳುತ್ತಾರೆ. ಕೆಲಸಕ್ಕೆ ಬರುತ್ತದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಹಾರ್ಡನರ್ ಇರುತ್ತದೆ, ಅಂದರೆ ಜಿಲೆಟಿನ್ ಗಟ್ಟಿಮಾಡುವ ಪಟಿಕದಂಥ ಅಲ್ಯೂಮಿನಿಯಂ ಲವಣ. ಹಾರ್ಡನರ್ ಇದ್ದ ಫಿಕ್ಸರ್ ಜಿಲೆಟಿನ್‌ನಿಂದ ಸುಲಭಕ್ಕೆ ತೊಳೆದುಹೋಗದು, ಹರಿಯುವ ನೀರಿನಲ್ಲಿ ಅರ್ಧ ಗಂಟೆ ಬೇಕಾಗಬಹುದು. ನೀರಿಗೆ ಪರದಾಡುವ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ. ಎರಡು ಬಾಟಲಿಗಳಲ್ಲಿ ಬಂದು, ಹಾರ್ಡನರ್ ಪ್ರತ್ಯೇಕವಾಗಿದ್ದರೆ ಅದನ್ನು ಬಿಟ್ಟು ಬೆರೆಸಿಕೊಳ್ಳಿ.

ಈಗ ಜೋಡಿಗಳ ವಿಷಯ. ರ‍್ಯಾಪಿಡ್ ಫಿಕ್ಸರ್, ಎಫ್-24 ಎರಡೂ ಆಮ್ಲೀಯ, ಸಲ್ಫೈಟ್ ಇರುವಂಥವು. ಅವುಗಳಿಗೆ ಮುಂಚೆ ವಿನೆಗರ್, ಸಿಟ್ರಿಕ್ ಎರಡೂ ನಡೆಯುತ್ತವೆ. ಪಟಿಕದ ಹಾರ್ಡನರ್ ಇರುವ ಫಿಕ್ಸರ್‌ಗೆ ಮುಂಚೆ ವಿನೆಗರ್ ಮಾತ್ರ, ಸಿಟ್ರಿಕ್ ಬೇಡ. ಸಿಟ್ರಿಕ್ ಆ್ಯಸಿಡ್ ಅಲ್ಯೂಮಿನಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾರ್ಡನರ್ ಕೆಲಸ ಕುಂದುತ್ತದೆ. ಬರೀ ಹೈಪೊ-ನೀರಿನ ಫಿಕ್ಸರ್‌ಗೆ ಮುಂಚೆ ಆಮ್ಲದ ಸ್ಟಾಪ್ ಬಾತ್ ಹಾಕಲೇಬೇಕೆಂದರೆ ನಡುವೆ ಎರಡು ಸಲ ನೀರು ಬದಲಾಯಿಸಬೇಕು, ಇಲ್ಲದಿದ್ದರೆ ಫಿಲಂ ಹೊತ್ತು ತಂದ ಆಮ್ಲವೇ ಗಂಧಕ ಇಳಿಸುತ್ತದೆ. ಟಿಎಫ್-4ನಂಥ ಕ್ಷಾರೀಯ ಫಿಕ್ಸರ್‌ಗೆ ಮುಂಚೆ ನೀರೇ ಸರಿ. ನೀರಿನ ಪರ ವಾದಿಸುವವರಲ್ಲಿ ಬಹುತೇಕರು ಇಂಥ ಫಿಕ್ಸರ್, ಇಲ್ಲವೇ ಪೈರೋ ಡೆವಲಪರ್ ಬಳಸುವವರು. ಅವರ ಮಾತು ಅವರ ಜೋಡಿಗೆ ನಿಜ. ನೀವು ಮಾಡಿದ್ದು ನೀರಾದ ಮೇಲೆ ನೇರವಾಗಿ ಆ್ಯಸಿಡ್ ಫಿಕ್ಸರ್, ಅದೂ ಸಲ್ಫೈಟ್ ಇಲ್ಲದ್ದು.

ಫಿಕ್ಸರ್ ಬಾಟಲಿ ಮೇಲಿನ ಸಮಯವನ್ನಾಗಲಿ, ನಾನು ಕೊಟ್ಟ ಅಂಕಿಯನ್ನಾಗಲಿ ಕುರುಡಾಗಿ ನಂಬಬೇಡಿ. ಫಿಲಂ ತುಂಡೇ ಉತ್ತರ ಹೇಳುತ್ತದೆ. ಕ್ಯಾಮೆರಾಗೆ ಹಾಕುವಾಗ ಹೇಗೂ ಬೆಳಕಿಗೆ ಬಿದ್ದ ನಾಲಿಗೆಯ ಭಾಗವನ್ನು ಕತ್ತರಿಸಿ ಇಟ್ಟುಕೊಳ್ಳಿ. ಹಗಲು ಬೆಳಕಿನಲ್ಲೇ ಅದರ ಮಂಕು ಬದಿಯ ಮೇಲೆ ಒಂದು ಹನಿ ಫಿಕ್ಸರ್ ಬಿಟ್ಟು ಒಂದು ನಿಮಿಷ ಕಾಯಿರಿ. ಆಮೇಲೆ ಇಡೀ ತುಂಡನ್ನು ಫಿಕ್ಸರ್ ಲೋಟಕ್ಕೆ ಹಾಕಿ ಅಲ್ಲಾಡಿಸುತ್ತಾ ಗಡಿಯಾರ ನೋಡಿ. ಹನಿ ಬಿದ್ದ ಜಾಗ ಮೊದಲೇ ತಿಳಿಯಾಗಿರುತ್ತದೆ. ಅದರ ಗುರುತು ಸುತ್ತಲಿನ ಜಾಗದಲ್ಲಿ ಬೆರೆತು ಕಾಣದಾಗುವ ಕ್ಷಣವೇ ಫಿಲಂ ತಿಳಿಯಾದ ಸಮಯ. ಸಾಮಾನ್ಯ ಫಿಲಂ ಆದರೆ ಅದರ ಎರಡು ಪಟ್ಟು, ಟಿ-ಮ್ಯಾಕ್ಸ್ ಆದರೆ ಮೂರು ಪಟ್ಟು ಫಿಕ್ಸ್ ಮಾಡಿ. ಕಣ್ಣಿಗೆ ತಿಳಿಯಾದೊಡನೆ ಕೆಲಸ ಮುಗಿದಿರುವುದಿಲ್ಲ. ಬೆಳ್ಳಿ ಮೊದಲು ಅಷ್ಟಾಗಿ ಕರಗದ ಸಂಯುಕ್ತವಾಗಿ, ಆಮೇಲಷ್ಟೇ ನೀರಿನಲ್ಲಿ ತೊಳೆದುಹೋಗುವ ರೂಪಕ್ಕೆ ಬರುತ್ತದೆ. ಆ ಎರಡನೇ ಹಂತಕ್ಕೆ ಸಮಯ ಕೊಡದಿದ್ದರೆ ನೆಗೆಟಿವ್ ಇಂದು ಚೆಂದ ಕಂಡರೂ ವರ್ಷಗಳು ಕಳೆದಂತೆ ಹಳದಿ-ಕಂದು ಕಲೆ ಮೂಡುತ್ತದೆ.

ಹೊಸ ಫಿಕ್ಸರ್ ಬೆರೆಸಿದ ದಿನ ಈ ಸಮಯವನ್ನು ಬಾಟಲಿ ಮೇಲೆ ಬರೆದಿಡಿ. ಮುಂದೆ ಅದೇ ಫಿಲಂನ ತುಂಡು ಅದರ ದುಪ್ಪಟ್ಟು ಸಮಯ ತೆಗೆದುಕೊಂಡರೆ ಆ ಫಿಕ್ಸರ್‌ನ ಆಯಸ್ಸು ಮುಗಿಯಿತು. ಕೆಂಟ್‌ಮಿಯರ್ ತುಂಡಿನಲ್ಲಿ ಪರೀಕ್ಷಿಸಿ ಟಿ-ಮ್ಯಾಕ್ಸ್ ರೋಲ್ ಹಾಕಬೇಡಿ. ಅಷ್ಟು ದಿನ ಕಾಯುವ ಬದಲು ಎರಡು ಬಾಟಲಿಯ ಪದ್ಧತಿ ಇನ್ನೂ ಉತ್ತಮ: ಅರ್ಧ ಸಮಯ ಮೊದಲ ಬಾಟಲಿಯಲ್ಲಿ, ಉಳಿದರ್ಧ ಎರಡನೆಯದರಲ್ಲಿ. ಮೊದಲನೆಯದು ಸೋತಾಗ ಚೆಲ್ಲಿ, ಎರಡನೆಯದನ್ನು ಅದರ ಸ್ಥಾನಕ್ಕೆ ತಂದು, ಎರಡನೆಯದನ್ನು ಹೊಸದಾಗಿ ಬೆರೆಸಿ. ಹೈಪೊ ಬಳಸಿ ಟಿ-ಮ್ಯಾಕ್ಸ್ ತೊಳೆಯುವುದಾದರೆ ಇದನ್ನು ಬಿಟ್ಟು ಬೇರೆ ದಾರಿಯನ್ನು ನಾನು ಸೂಚಿಸಲಾರೆ.

ಹೆಚ್ಚು ಹೊತ್ತು ಫಿಕ್ಸ್ ಮಾಡಿದರೆ ಚಿತ್ರ ಅಳಿಸಿಹೋಗುತ್ತದೆ ಎಂಬ ಭಯ ಅತಿಯಾದದ್ದು. ಎರಡು ಮೂರು ನಿಮಿಷ ಹೆಚ್ಚಾದರೆ ಏನೂ ಆಗದು. ಗಂಟೆಗಟ್ಟಲೆ ಮರೆತರೆ ರ‍್ಯಾಪಿಡ್ ಫಿಕ್ಸರ್ ಬೆಳ್ಳಿಯನ್ನೂ ಕೊರೆಯಲು ತೊಡಗುತ್ತದೆ.

ಸೆಕೆಯ ವಿಷಯ ನಿಮ್ಮಲ್ಲಿ ದೊಡ್ಡದು. 32 ಡಿಗ್ರಿಯಲ್ಲಿ ಡೆವಲಪ್ ಮಾಡಬೇಡಿ, 20ಕ್ಕೆ ಇಳಿಸಲೂ ಒದ್ದಾಡಬೇಡಿ. ಎಲ್ಲವನ್ನೂ 24 ಡಿಗ್ರಿಗೆ ತಂದು, ಡೆವಲಪಿಂಗ್ ಸಮಯವನ್ನು 20 ಡಿಗ್ರಿಯ ಸಮಯಕ್ಕಿಂತ ಸುಮಾರು ಶೇ 30 ಇಳಿಸಿ. ಡಿ-76 ಅನ್ನು ನೀರು ಬೆರೆಸಿಯೇ ಬಳಸುತ್ತಿರುವುದು ಒಳ್ಳೆಯದು, ಸಮಯ ತೀರಾ ಚಿಕ್ಕದಾಗುವುದಿಲ್ಲ. ಕಲಬುರಗಿಯ ಒಣ ಹವೆಯಲ್ಲಿ ರಾತ್ರಿಯಿಡೀ ಮಣ್ಣಿನ ಮಡಕೆಯಲ್ಲಿಟ್ಟ ನೀರು ಚೆನ್ನಾಗಿ ತಣಿಯುತ್ತದೆ. ಡೆವಲಪರ್ ಬೆರೆಸಲು, ಬಾಟಲಿಗಳನ್ನು ನಿಲ್ಲಿಸುವ ಟಬ್ಬಿಗೆ, ತೊಳೆಯಲು ಅದೇ ನೀರು ಬಳಸಿ. ಮಂಗಳೂರು, ಕಾರವಾರದ ಕಡೆಯವರಿಗೆ ಈ ಉಪಾಯ ಫಲಿಸದು, ತೇವದ ಗಾಳಿಯಲ್ಲಿ ಮಡಕೆ ಅಷ್ಟು ತಣಿಸುವುದಿಲ್ಲ. ಅವರು ಟಬ್ಬಿಗೆ ಐಸ್ ಹಾಕಬೇಕು. ಡೆವಲಪರ್ ಒಂದನ್ನೇ ತಣಿಸಿ ಉಳಿದದ್ದನ್ನು ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ತಣ್ಣನೆಯ ಕ್ಷಾರದಿಂದ ಬಿಸಿ ಆಮ್ಲಕ್ಕೆ ಹಾರಿದಾಗ ಜಿಲೆಟಿನ್ ಸುಕ್ಕುಗಟ್ಟಿ ಚಿತ್ರದ ತುಂಬ ಬಿರುಕಿನ ಬಲೆಯಂಥ ಗುರುತು ಬೀಳಬಹುದು. ಒಂದರಿಂದ ಇನ್ನೊಂದಕ್ಕೆ ಎರಡು ಮೂರು ಡಿಗ್ರಿಗಿಂತ ಹೆಚ್ಚು ಅಂತರ ಬೇಡ. ಕೊನೆಯ ತೊಳೆಯುವ ನೀರಿಗೆ 5 ಡಿಗ್ರಿಯವರೆಗೆ ವಿನಾಯಿತಿ ಕೊಡಬಹುದು.

ಏನು ಮಾಡಿದರೂ 27 ಡಿಗ್ರಿಗಿಂತ ಕೆಳಗೆ ಇಳಿಯದ ದಿನಗಳಲ್ಲಿ, ಜಿಲೆಟಿನ್ ಉಬ್ಬದಂತೆ ತಡೆಯುವ ಸ್ಟಾಪ್ ಬಾತ್ ಒಂದಿದೆ, ಕೊಡಾಕ್‌ನ ಎಸ್‌ಬಿ-5. ಶೇ 4ರ ವಿನೆಗರ್ ಲೆಕ್ಕಕ್ಕೆ ಇಳಿಸಿದರೆ 225 ಮಿ.ಲೀ. ವಿನೆಗರ್, 45 ಗ್ರಾಂ ಒಣ ಸೋಡಿಯಂ ಸಲ್ಫೇಟ್ (ಇಲ್ಲಿ ಬೇಕಾದದ್ದು ಸಲ್ಫೇಟ್), ಒಟ್ಟು ಒಂದು ಲೀಟರ್. ಮೂರು ನಿಮಿಷ ಇಡಿ, ಮೊದಲ ಅರ್ಧ ನಿಮಿಷ ಬಿಡದೆ ತಿರುಗಿಸಿ. ಅಂಥ ದಿನ ಫಿಕ್ಸರ್‌ಗೆ ಹಾರ್ಡನರ್ ಇರುವುದೂ ಒಳ್ಳೆಯದೇ. ಎಫ್-24ರಲ್ಲಿ ಹಾರ್ಡನರ್ ಇಲ್ಲದ್ದರಿಂದ ಅದು ತಣ್ಣನೆಯ ದಿನಗಳದು. ಹಳೆಯ ಪುಸ್ತಕಗಳಲ್ಲಿ ಉಷ್ಣ ದೇಶಗಳಿಗೆಂದು ಬರೆದ ಕ್ರೋಮ್ ಅಲಮ್ ಸ್ಟಾಪ್ ಬಾತ್ ಮಾತ್ರ ಬೇಡ. ಇಂದಿನ ಫಿಲಂಗೆ ಅದರ ಅಗತ್ಯವಿಲ್ಲ, ಕ್ರೋಮಿಯಂ ಅನ್ನು ಬಚ್ಚಲಿಗೆ ಬಿಡುವಂತಿಲ್ಲ.

ಒಟ್ಟಿನಲ್ಲಿ ನಿಮಗೆ ನಾನು ಹೇಳುವ ಜೋಡಿ: 24 ಡಿಗ್ರಿಯಲ್ಲಿ ವಿನೆಗರ್ ಸ್ಟಾಪ್ ಬಾತ್ 30 ಸೆಕೆಂಡು, ಹಾರ್ಡನರ್ ಇಲ್ಲದ ರ‍್ಯಾಪಿಡ್ ಫಿಕ್ಸರ್, ಸಮಯ ಫಿಲಂ ತುಂಡು ಹೇಳಿದಷ್ಟು. ಫಿಕ್ಸ್ ಮಾಡುವಾಗ ಮೊದಲ ಅರ್ಧ ನಿಮಿಷ ಬಿಡದೆ, ಆಮೇಲೆ ನಿಮಿಷಕ್ಕೆ ನಾಲ್ಕು ಸಲ ಟ್ಯಾಂಕ್ ತಿರುಗಿಸಿ. ಬಿಳಿ ಪೊರೆ ಅಂಚಿನ ಉದ್ದಕ್ಕೇ ಇರುವುದನ್ನು ನೋಡಿದರೆ ನಿಮ್ಮ ಟ್ಯಾಂಕಿನಲ್ಲಿ ಫಿಕ್ಸರ್ ಮಟ್ಟ ಸುರುಳಿಯ ಮೇಲಂಚನ್ನು ಮುಟ್ಟುತ್ತಿರಲಿಲ್ಲ ಎಂಬ ಅನುಮಾನವೂ ಇದೆ. ಸೋಸುವಾಗ ಒಂದಿಷ್ಟು ಕಡಿಮೆಯಾಗಿರಬಹುದು. ಪ್ಯಾಟರ್ಸನ್ ಟ್ಯಾಂಕಿನಲ್ಲಿ ಒಂದು 35 ಮಿ.ಮೀ. ರೋಲಿಗೆ 290 ಮಿ.ಲೀ., ‘120’ ಎಂಬ ಅಗಲ ಅಳತೆಯ ಒಂದು ರೋಲಿಗೆ 500 ಮಿ.ಲೀ. ಅಳೆದೇ ಸುರಿಯಿರಿ.

ಕೈಯಲ್ಲಿರುವ ರೋಲ್‌ಗಳನ್ನು ಸರಿಪಡಿಸಲು ಅವನ್ನು ಮತ್ತೆ ಸುರುಳಿಗೆ ಸೇರಿಸಿ (ಸುರುಳಿ ಚೆನ್ನಾಗಿ ಒಣಗಿರಲಿ), ಐದು ನಿಮಿಷ ನೀರಿನಲ್ಲಿ ನೆನೆಸಿ, ಹೊಸ ಫಿಕ್ಸರ್‌ನಲ್ಲಿ ಪೂರ್ತಿ ಸಮಯ ಇಡಿ. ಬಿಳಿ ಪೊರೆ ಅಲ್ಲೇ ಕರಗುತ್ತದೆ. ಗುಲಾಬಿ ಮಾತ್ರ ಬೇರೆ ವಸ್ತು. ಅದು ಟಿ-ಮ್ಯಾಕ್ಸ್‌ನಲ್ಲಿ ಬೆಳಕಿನ ಬಣ್ಣಗಳನ್ನು ಗ್ರಹಿಸಲು ಸೇರಿಸಿರುವ ರಂಗು. ಫಿಕ್ಸರ್ ಸೊರಗಿದ್ದರೆ ಅದು ಹೊರಬರುವುದಿಲ್ಲ, ಆದ್ದರಿಂದ ಫಿಕ್ಸರ್ ಸೋತಿದೆ ಎಂಬುದಕ್ಕೆ ಅದೇ ಎಚ್ಚರಿಕೆ. ಮರು-ಫಿಕ್ಸ್‌ನಲ್ಲಿ ಬಹುಪಾಲು ಹೋಗುತ್ತದೆ. ಉಳಿದದ್ದಕ್ಕೆ ಲೀಟರಿಗೆ 20 ಗ್ರಾಂ ಸೋಡಿಯಂ ಸಲ್ಫೈಟ್ ಕರಗಿಸಿದ ನೀರಿನಲ್ಲಿ ಎರಡು ನಿಮಿಷ ಇಡಿ, ಇದರಿಂದ ತೊಳೆಯುವುದೂ ಸುಲಭವಾಗುತ್ತದೆ. ಆಮೇಲೂ ನಸು ಗುಲಾಬಿ ಉಳಿದರೆ ಚಿಂತೆ ಬೇಡ, ಪ್ರಿಂಟಿಗಾಗಲಿ ಸ್ಕ್ಯಾನಿಗಾಗಲಿ ಅಡ್ಡಿಯಿಲ್ಲ.

ಹಾರ್ಡನರ್ ಇಲ್ಲದ ಫಿಕ್ಸರ್ ಆದರೆ ತೊಳೆಯಲು ನಲ್ಲಿ ಬಿಟ್ಟು ಕೂರಬೇಕಿಲ್ಲ. ಟ್ಯಾಂಕಿಗೆ ನೀರು ತುಂಬಿಸಿ 5 ಸಲ ತಿರುಗಿಸಿ ಚೆಲ್ಲಿ, ಮತ್ತೆ ತುಂಬಿಸಿ 10 ಸಲ, ಮತ್ತೆ ತುಂಬಿಸಿ 20 ಸಲ. ಇಲ್‌ಫೋರ್ಡ್ ಹೇಳಿಕೊಟ್ಟ ಕ್ರಮವಿದು, ನಿಮ್ಮ ಕಡೆಯ ನೀರಿನ ಪರಿಸ್ಥಿತಿಗೆ ತಕ್ಕದ್ದು. ನಾನು ಕೊನೆಗೊಂದು ಸುತ್ತು ಹೆಚ್ಚಿಗೆ ಹಾಕಿ ಎನ್ನುತ್ತೇನೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕಡೆಯದಾಗಿ ಒಮ್ಮೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ತೂಗುಹಾಕಿ, ಸುಣ್ಣದ ಕಲೆ ಬೀಳದು.

ಸೋತ ಫಿಕ್ಸರ್‌ನಲ್ಲಿ ಬೆಳ್ಳಿ ತುಂಬಿರುತ್ತದೆ. ಅದನ್ನು ಚರಂಡಿಗಾಗಲಿ ಗಿಡದ ಬುಡಕ್ಕಾಗಲಿ ಸುರಿಯಬೇಡಿ. ಮನೆಗೆ ಸೆಪ್ಟಿಕ್ ಟ್ಯಾಂಕ್ ಇದ್ದರಂತೂ ಬೇಡವೇ ಬೇಡ, ಬೆಳ್ಳಿ ಅಲ್ಲಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹಾಕಿ, ಮರಕ್ಕೆ ಪಾಲಿಶ್ ಮಾಡುವವರು ಬಳಸುವ ಸ್ಟೀಲ್ ವುಲ್ ಒಂದು ಹಿಡಿ ಮುಳುಗಿಸಿ ಎರಡು ದಿನ ಬಿಡಿ. ಕಬ್ಬಿಣ ಕರಗುತ್ತದೆ, ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕೆ ಇಳಿಯುತ್ತದೆ. ಪಾತ್ರೆ ಉಜ್ಜುವ ಹೊಳೆಯುವ ಜಾಲಿ ಸ್ಟೇನ್‌ಲೆಸ್ ಆದ್ದರಿಂದ ಈ ಕೆಲಸಕ್ಕೆ ಬಾರದು. ಕೆಸರನ್ನು ಒಣಗಿಸಿ ಡಬ್ಬಿಯಲ್ಲಿ ಕೂಡಿಡಿ, ಮೇಲಿನ ನೀರನ್ನು ಧಾರಾಳ ನೀರಿನೊಂದಿಗೆ ನಗರದ ಒಳಚರಂಡಿಗೆ ಬಿಡಬಹುದು. ಅದೇ ಬಚ್ಚಲನ್ನು ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಇರುವ ಕ್ಲೀನರ್ ಹಾಕಿ ತೊಳೆಯುವ ಅಭ್ಯಾಸವಿದ್ದರೆ, ಫಿಕ್ಸರ್ ಮತ್ತು ವಿನೆಗರ್ ಪೂರ್ತಿ ತೊಳೆದುಹೋದ ಮೇಲಷ್ಟೇ ಹಾಕಿ. ಬ್ಲೀಚ್‌ಗೆ ವಿನೆಗರ್ ಸೇರಿದರೆ ಕ್ಲೋರಿನ್, ಅಮೋನಿಯಂ ಫಿಕ್ಸರ್ ಸೇರಿದರೆ ಕ್ಲೋರಮೈನ್. ಎರಡೂ ವಿಷಾನಿಲಗಳೇ.